ಗುರುಗಳ ಡಿಸ್ಕು, ಊರಿನ ಕೀರ್ದಿ

ಚಿಂಚಲಿ ಮಾಯಕ್ಕನ ಜಾತ್ರೆ ಮುಗಿದ ವಾರ ಅದು. ಭಾರತ ಹುಣ್ಣಿಮೆಗೆ ಮೊದಲಿನ ಹದಿನೈದು ದಿನ ನನ್ನ ಅಂಗಡಿಯಲ್ಲಿ ಬ್ಯಾನರು, ಹ್ಯಾಂಡ್‌ಬಿಲ್ಲು, ದೇಣಿಗೆ ಪಾವತಿಗಳ ಗದ್ದಲ. ಹುಣ್ಣಿಮೆ ಕಳೆದ ಮೇಲೆಯೇ ಕುಳಿತು ಚಹಾ ಕುಡಿಯಲು ಪುರುಸೊತ್ತು. ಆಗ ಬಂದರು ನನಗೆ ಅಕ್ಷರ ಕಲಿಸಿದ ಗುರುಗಳು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಟವೆಲ್ಲು ಸುತ್ತಿದ ಲ್ಯಾಪ್‌ಟಾಪು.

“ತಮ್ಮಾ, ಇದು ಚಾಲೂ ಆಗವಲ್ದು ನೋಡು. ಒಳಗ ಯಾರೋ ಉಗರಲೆ ಬಡದಂಗ ಟಕ್ ಟಕ್ ಅಂತೇತಿ.”

“ಗುರುಗಳ, ಮನ್ಯಾಗ ಎಷ್ಟ ಸಲ ಚಾಲೂ ಮಾಡಿ ನೋಡಿದ್ರಿ?”

“ಹತ್ತ ಸಲ ಆಗಿರಬೇಕು.”

ನನಗೆ ಎದೆ ಧಸಕ್ಕೆಂದಿತು. ಆ ಸಪ್ಪಳ ಬಂದ ಮೇಲೆ ಒಂದೊಂದು ಸಲ ಚಾಲೂ ಮಾಡುವುದೂ ಗಾಯದ ಮೇಲೆ ಗಾಯ. ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುತ್ತದೆ. ಅದನ್ನು ಓದುವ ಮುಳ್ಳು ತಟ್ಟೆಗೆ ತಾಗುವುದಿಲ್ಲ, ಕೂದಲೆಳೆಯ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಟಕ್ ಟಕ್ ಎಂದರೆ ಆ ಮುಳ್ಳು ದಾರಿ ಕಾಣದೆ ಮತ್ತೆ ಮತ್ತೆ ಮನೆಗೆ ಮರಳುತ್ತಿದೆ ಎಂದರ್ಥ.

ಗುರುಗಳ ಲ್ಯಾಪ್‌ಟಾಪು 2012ರದು. ನಿವೃತ್ತಿಯಾದ ವರ್ಷ ಮಗ ತಂದುಕೊಟ್ಟದ್ದು. ಅದರೊಳಗೆ ಏನಿದೆ ಎಂದು ಕೇಳಿದೆ. ಹನ್ನೆರಡು ವರ್ಷ ಹಳ್ಳಿ ಹಳ್ಳಿ ಅಡ್ಡಾಡಿ ಬರೆದುಕೊಂಡ ಮುದುಕರ ಮಾತು, ಹಳೆಯ ಹೊಲದ ಉತಾರಗಳ ಚಿತ್ರ, ಹಂತಿ ಪದ, ಬೀಸೂಕಲ್ಲಿನ ಪದ, ತೀರಿಹೋದ ಎಷ್ಟೋ ಜನರ ದನಿ. “ನಮ್ಮ ಕಡೀದ ಕೀರ್ದಿ ಖತಾವಣಿ ಇದರಾಗ ಐತಿ” ಎಂದರು. ಪ್ರತಿ ಎಲ್ಲಿದೆ ಎಂದು ಕೇಳಿದೆ. ಪ್ರತಿ ಇರಲಿಲ್ಲ.

ಹೊಸ ಡಿಸ್ಕು ಯಾವುದು ಹಾಕೋಣ ಎಂಬುದು ಅವರ ಪ್ರಶ್ನೆ. ಹಾರೂಗೇರಿಯಲ್ಲಿ ಕೂತು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಈ ಪ್ರಶ್ನೆಗೆ ಉತ್ತರ ಹೇಳುತ್ತ ಬಂದಿದ್ದೇನೆ. ಆದರೆ ನಮ್ಮ ಭಾಗದಲ್ಲಿ ಬರೆದದ್ದನ್ನು ಇಡುವ ಕಸುಬು ಹೇಗೆ ನಡೆದುಬಂತು ಎಂದು ಒಮ್ಮೆ ತಿರುಗಿ ನೋಡದೆ ಆ ಉತ್ತರ ಪೂರ್ತಿಯಾಗುವುದಿಲ್ಲ ಎಂದು ನನಗೆ ಅನ್ನಿಸಿದ್ದು ಆ ದಿನವೇ.

ನಾನು ಕೈ ಪಳಗಿಸಿದ್ದು ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ. ಗೋಡೆಗೆ ಓರೆಯಾಗಿ ನಿಲ್ಲಿಸಿದ ಮರದ ಖಾನೆಗಳು, ಖಾನೆಗೊಂದು ಅಕ್ಷರ, ಒತ್ತಕ್ಷರಕ್ಕೆ ಬೇರೆ ಮನೆ. ಲಗ್ನಪತ್ರಿಕೆ ಒಂದನ್ನು ಜೋಡಿಸಿ, ದಾರ ಕಟ್ಟಿ, ಟ್ರೆಡಲ್ ಮಷೀನಿಗೆ ಏರಿಸಿ ಇನ್ನೂರು ಪ್ರತಿ ಒತ್ತಿದ ಮೇಲೆ ಸೀಮೆಎಣ್ಣೆಯಲ್ಲಿ ಮೊಳೆ ತೊಳೆದು, ಬಿಚ್ಚಿ, ಮತ್ತೆ ಅವುಗಳ ಖಾನೆಗೆ ಹಾಕಬೇಕು. ಇಲ್ಲವಾದರೆ ಮರುದಿನದ ಪತ್ರಿಕೆಗೆ ‘ಶ್ರೀ’ ಸಾಲುತ್ತಿರಲಿಲ್ಲ. ಅಂದರೆ ಪ್ರೆಸ್ಸಿಗೆ ನೆನಪೆಂಬುದೇ ಇರಲಿಲ್ಲ. ಪ್ರತಿ ವರ್ಷದ ಜಾತ್ರೆಯ ಕರಪತ್ರವನ್ನು ಪ್ರತಿ ವರ್ಷವೂ ‘ಅ’ದಿಂದ ಜೋಡಿಸುತ್ತಿದ್ದೆವು. ಹೋದ ವರ್ಷದ ಒಂದು ಪ್ರತಿಯನ್ನು ತಂತಿಯ ಕೊಕ್ಕೆಗೆ ಚುಚ್ಚಿ ಇಟ್ಟಿದ್ದರೆ ಅದೇ ದಫ್ತರ.

ಆ ಪ್ರೆಸ್ಸಿನ ಹಿರಿಯ ಕಂಪೋಜಿಟರರು ಒಂದು ಮಾತನ್ನು ಅಭಿಮಾನದಿಂದ ಹೇಳುತ್ತಿದ್ದರು: ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲೇ, ಮಹಾವೀರ ಪ್ರೆಸ್ಸಿನಲ್ಲಿ. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಹಳಕಟ್ಟಿಯವರು ಮಠ ಮನೆಗಳನ್ನು ಸುತ್ತಿ, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಇಳಿಸಿ ನಕಲು ಮಾಡಿಕೊಂಡರು. ಆಮೇಲೆ ಸ್ವಂತ ಛಾಪಖಾನೆ ಹಾಕಲು ಇದ್ದ ಮನೆಯನ್ನೂ ಮಾರಿದರು. ತಾಡೋಲೆ ಗಟ್ಟಿ ಸಾಮಾನೇ, ನಿಜ. ಆದರೂ ನೂರು ಇನ್ನೂರು ವರ್ಷಕ್ಕೆ ಅದಕ್ಕೆ ಹುಳು ಹಿಡಿಯುತ್ತದೆ, ಅಂಚು ಪುಡಿಯಾಗುತ್ತದೆ. ಹನ್ನೆರಡನೆಯ ಶತಮಾನದ ಮಾತು ಇಪ್ಪತ್ತನೆಯ ಶತಮಾನಕ್ಕೆ ಬಂದು ಮುಟ್ಟಿದ್ದು ಓಲೆ ಬಾಳಿದ್ದರಿಂದಲ್ಲ. ಹಳೆಯ ಓಲೆ ಸಾಯುವ ಮುನ್ನ ಯಾರೋ ಕೂತು ಹೊಸ ಓಲೆಗೆ ಇಳಿಸುತ್ತಿದ್ದರು, ತಲೆಮಾರಿನಿಂದ ತಲೆಮಾರಿಗೆ.

ಸರಕಾರಿ ಲೆಕ್ಕದ ಕತೆ ಬೇರೆ. ನಮ್ಮ ತಾಲ್ಲೂಕು ಕೇಂದ್ರ ರಾಯಬಾಗ ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನು ಅಲ್ಲೇ ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಏಳೆಂಟು ವರ್ಷದಲ್ಲಿ ಎರಡು ಸಲ ಸರಕಾರ ಬದಲು. ಕಚೇರಿಗಳಲ್ಲಿ ಕಾಗದಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. ಆ ಗಂಟಿಗೆ ರುಮಾಲು ಎಂದು ಹೆಸರು. ಕುಲಕರ್ಣಿಯ ಕೈಯಿಂದ ತಲಾಠಿಯ ಕೈಗೆ ಲೆಕ್ಕ ದಾಟಿದರೂ ರುಮಾಲು ಬದಲಾಗಲಿಲ್ಲ. ಒಳಗಿನ ಕಾಗದದಲ್ಲಿ ಮರಾಠಿ, ಅದೂ ಎಷ್ಟೋ ಕಡೆ ಮೋಡಿ ಲಿಪಿಯಲ್ಲಿ, ಲೇಖಣಿ ಎತ್ತದೆ ಸರಸರ ಓಡಿಸಿದ ಬರಹ.

ನಮ್ಮ ಮನೆಯ ಟ್ರಂಕಿನಲ್ಲೂ ಅಂಥ ಒಂದು ಖರೀದಿ ಪತ್ರ ಇದೆ, ಅಜ್ಜನ ಕಾಲದ್ದು. ಕಾಗದ ಒಂದು ಕಡೆಯೂ ಹರಿದಿಲ್ಲ, ಮಸಿ ಮಾಸಿಲ್ಲ. ಆದರೆ ನಮ್ಮ ಮನೆಯಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಓದಿಸಲು ಕೊಲ್ಹಾಪುರಕ್ಕೆ ಒಯ್ಯಬೇಕಾಯಿತು. ಅಲ್ಲಿನ ಒಬ್ಬ ವೃದ್ಧರು ಭೂತಕನ್ನಡಿ ಹಿಡಿದು ಓದಿ ಹೇಳುವವರೆಗೆ, ಬಾವಿಯ ಪಾಲು ಎಷ್ಟು ಎಂಬ ನಮ್ಮ ಮನೆತನದ ಜಗಳ ಆ ಕಾಗದದಲ್ಲೇ ಬಗೆಹರಿದು ಮಲಗಿತ್ತು ಎಂದು ನಮಗೆ ತಿಳಿದಿರಲಿಲ್ಲ. 2023ರಲ್ಲಿ ಮಹಾರಾಷ್ಟ್ರದಲ್ಲಿ ಮೀಸಲಾತಿಗಾಗಿ ಕುಣಬಿ ದಾಖಲೆ ಹುಡುಕಲು ಶುರುವಾದಾಗ ಮೋಡಿ ಬಲ್ಲವರನ್ನು ಊರೂರು ಹುಡುಕಬೇಕಾಯಿತು. ಸಾಮಾನು ಉಳಿದು ಓದು ಅಳಿದರೆ ಏನಾಗುತ್ತದೆ ಎಂಬುದನ್ನು ಗಡಿಯ ನಾವು ಚೆನ್ನಾಗಿ ಬಲ್ಲೆವು. ಈ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಗುರುಗಳ ಡಿಸ್ಕಿನಲ್ಲಿ ಅದೇ ಎದುರಾಯಿತು.

ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ಅದೇ 1956ರ ಸೆಪ್ಟೆಂಬರಿನಲ್ಲಿ, ಅಂದರೆ ಎರಡು ತಿಂಗಳು ಮೊದಲು, ಅಮೆರಿಕದಲ್ಲಿ ಐಬಿಎಂ ಕಂಪನಿ ಜಗತ್ತಿನ ಮೊದಲ ಹಾರ್ಡ್ ಡಿಸ್ಕಿನ ಯಂತ್ರವನ್ನು ಹೊರತಂದಿತ್ತು. ರ‍್ಯಾಮ್ಯಾಕ್ ಎಂದು ಅದರ ಹೆಸರು. ಎರಡು ಅಡಿ ಅಗಲದ 50 ತಟ್ಟೆ, ತೂಕ ಒಂದು ಟನ್ನಿಗೂ ಮಿಗಿಲು. ಅಷ್ಟರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಕಷ್ಟಪಟ್ಟು ಕೂರುತ್ತಿತ್ತು. 1980ರಲ್ಲಿ ಸೀಗೇಟ್ ಕಂಪನಿ ಅಷ್ಟೇ ಹಿಡಿತದ, 5 ಎಂಬಿಯ ಡಿಸ್ಕನ್ನು ಮೇಜಿನ ಮೇಲಿನ ಕಂಪ್ಯೂಟರಿನೊಳಗೆ ಕೂರುವಷ್ಟು ಸಣ್ಣದು ಮಾಡಿತು. ಹಳೆಯ ಲ್ಯಾಪ್‌ಟಾಪಿಗೆ ಈಗಲೂ ಹೊಂದುವ ಎರಡೂವರೆ ಇಂಚಿನ ಅಳತೆ ಬಂದದ್ದು 1988ರಲ್ಲಿ.

ಹಾರೂಗೇರಿಗೆ ಇದೆಲ್ಲ ಬಂದು ತಲುಪಿದ್ದು ಲಗ್ನಪತ್ರಿಕೆಯ ಬೆನ್ನೇರಿ. ತೊಂಬತ್ತರ ದಶಕದ ಕೊನೆಗೆ ಪ್ರೆಸ್ಸಿನ ಯಜಮಾನರು ಮಿರಜಿನಿಂದ ಒಂದು ಕಂಪ್ಯೂಟರು ತಂದರು. ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನವರ ಶ್ರೀಲಿಪಿ, ಪೇಜ್‌ಮೇಕರ್, ಕೋರೆಲ್‌ಡ್ರಾ, ಒಂದು ಲೇಸರ್ ಪ್ರಿಂಟರು. ಟ್ರೇಸಿಂಗ್ ಕಾಗದದ ಮೇಲೆ ಪ್ರಿಂಟು ತೆಗೆದು ಪ್ಲೇಟು ಮಾಡಿಸಿದರೆ ಮುಗಿಯಿತು. ಕನ್ನಡ, ಮರಾಠಿ ಎರಡರಲ್ಲೂ ಪತ್ರಿಕೆ ಬೇಕೆನ್ನುವ ಬೀಗರಿರುವ ನಮ್ಮ ಭಾಗಕ್ಕೆ ಒಂದೇ ಯಂತ್ರದಲ್ಲಿ ಎರಡೂ ಲಿಪಿ ಸಿಕ್ಕಿದ್ದು ಸಣ್ಣ ಮಾತಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು, ಅದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು. ಮರುವರ್ಷ ಜಾತ್ರೆಯ ಕಮಿಟಿಯವರು ಬಂದಾಗ ಹಳೆಯ ಕರಪತ್ರ ಡಿಸ್ಕಿನಲ್ಲಿ ಹಾಗೇ ಇತ್ತು. ತಾರೀಖು, ವಾರ ಬದಲಿಸಿದೆ, ತೀರಿಕೊಂಡ ಒಬ್ಬ ಪಂಚರ ಹೆಸರಿನ ಹಿಂದೆ ‘ದಿ.’ ಸೇರಿಸಿದೆ, ಹದಿನೈದು ನಿಮಿಷಕ್ಕೆ ಕೆಲಸ ಮುಗಿಯಿತು. ನೆನಪೇ ಇಲ್ಲದಿದ್ದ ಛಾಪಖಾನೆಗೆ ಅಂದು ನೆನಪು ಬಂತು. ನಮ್ಮ ಕಸುಬನ್ನು ಬದಲಿಸಿದ್ದು ಪರದೆಯಲ್ಲ, ಪ್ರಿಂಟರೂ ಅಲ್ಲ, ಡಿಸ್ಕು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆ ಡಿಸ್ಕು ಎಷ್ಟು ಸಣ್ಣದಿತ್ತೆಂದರೆ ದೊಡ್ಡ ಫೋಟೋ ಬಂದರೆ ಜಾಗ ಮಾಡಲು ಹಳೆಯದನ್ನು 1.44 ಎಂಬಿಯ ಫ್ಲಾಪಿಗಳಿಗೆ ಇಳಿಸಬೇಕಿತ್ತು.

2003ರಲ್ಲಿ ನಾನೇ ಅಂಗಡಿ ಹಾಕಿದೆ. ಅದೇ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರಿಗೆ ಏರಿದ್ದವು. ಕೈಬರಹದ ಉತಾರ ನಿಂತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಿನ ಪ್ರತಿ ಸಿಗತೊಡಗಿತು. ತಲಾಠಿಯ ಚಾವಡಿಗೆ ಹತ್ತು ಸಲ ಅಲೆದ ರೈತ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ತಿದ್ದುಪಡಿಯ ಅರ್ಜಿ ಬರೆಸಲು ನನ್ನ ಅಂಗಡಿಗೆ ಬರತೊಡಗಿದ. ರುಮಾಲಿನ ಕಾಲ ಮುಗಿಯಿತು ಎಂದು ಊರಿಗೆ ತಿಳಿದದ್ದು ಆಗ.

ಬದಲಿ ಡಿಸ್ಕು ಹಾಕುವ ಕೆಲಸ ನನ್ನ ಕೈಗೆ ಬಂದದ್ದೂ ಆಗಲೇ. ಮೊದಮೊದಲು ತಪ್ಪಿದ್ದೇ ಹೆಚ್ಚು. ಆಗಿನ ಕಂಪ್ಯೂಟರುಗಳು ಡಿಸ್ಕಿನ ಒಂದೊಂದು ಖಂಡಕ್ಕೂ ಕೊಡುತ್ತಿದ್ದ ನಂಬರಿಗೆ ಸೊನ್ನೆ ಇಲ್ಲವೆ ಒಂದು ಕೂರುವ 28 ಮನೆ ಮಾತ್ರ ಇಟ್ಟಿದ್ದವು. 512 ಬೈಟಿನ ಸುಮಾರು 26.84 ಕೋಟಿ ಖಂಡ, ಅಂದರೆ 137 ಜಿಬಿ. ಅದರಾಚೆ ಹೊಲ ಇದ್ದರೂ ಸರ್ವೆ ನಂಬರು ಇಲ್ಲ. 160 ಜಿಬಿ ಹಾಕಿದರೂ ಉಳಿದ ಜಾಗ ಕಾಣುತ್ತಿರಲಿಲ್ಲ. ಲ್ಯಾಪ್‌ಟಾಪಿನದು ಇನ್ನೊಂದು ತೊಡಕು. ಹಳೆಯವಕ್ಕೆ ಸಣ್ಣ ಮುಳ್ಳುಗಳ ಎರಡು ಸಾಲಿನ ಜೋಡಣೆ, 2003ರ ನಂತರ ಬಂದ ಸಾಟಾಕ್ಕೆ ಚಪ್ಪಟೆ ಬಾಯಿ. ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಕೂರದು. ಮಿರಜಿಗೆ ರೈಲು ಹತ್ತುವ ಮೊದಲು ಹಳೆಯ ಡಿಸ್ಕನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡೇ ಹೋಗುವ ರೂಢಿ ನನಗೆ ಬಿದ್ದದ್ದು ಹಾಗೆ. ಈಗಲೂ ಬಿಟ್ಟಿಲ್ಲ.

ಎಲ್ಲರೂ ಕೇಳುವ ಇನ್ನೊಂದು ಮಾತು: “ಅಣ್ಣಾರ, 500 ಅಂತ ರೊಕ್ಕಾ ತಗೊಂಡ್ರಿ, 465 ತೋರಸ್ತೈತಿ.” ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಅಳೆಯುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಮಾಪು ಎರಡು, ರಾಶಿ ಒಂದೇ.

ನೀರಿನ ಮಾತು ಹೇಳಲೇಬೇಕು. 2005ರಲ್ಲಿ, ಆಮೇಲೆ 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಬಂದಾಗ ಕುಡಚಿ ಉಗಾರದ ನಡುವಿನ ಸೇತುವೆ ಮುಳುಗಿತು, ಹೊಳೆದಂಡೆಯ ಊರುಗಳ ಜನ ಗಂಜಿ ಕೇಂದ್ರ ಸೇರಿದರು. ನೀರು ಇಳಿದ ಮೇಲೆ ಕೆಸರು ಮೆತ್ತಿದ ಕಂಪ್ಯೂಟರುಗಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಹಾರ್ಡ್ ಡಿಸ್ಕಿನ ಮುಚ್ಚಳದಲ್ಲಿ ಉಸಿರಾಡಲು ಸಣ್ಣ ತೂತು ಇರುತ್ತದೆ, ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕೆ ಸರಿದೂಗಲಿ ಎಂದು. ಅಲ್ಲಿಂದ ನೀರು ಹೋದರೆ ತಟ್ಟೆಯ ಮೇಲೆ ಕೆಸರಿನ ಪದರ ಕೂರುತ್ತದೆ. ಮದುವೆಯ ಫೋಟೋ ಇದ್ದ ಡಿಸ್ಕನ್ನು ಒಲೆಯ ಮುಂದೆ ಒಣಗಿಸಿ ತಂದ ತಾಯಿಯೊಬ್ಬಳಿಗೆ ಬರುವುದಿಲ್ಲ ಎಂದು ಹೇಳಿದ ದಿನ ನಾನು ಅಂಗಡಿ ಬೇಗ ಮುಚ್ಚಿದೆ.

ಎಲ್ಲಿಯದೋ ಹೊಳೆ ಉಕ್ಕಿದರೂ ನಮಗೆ ಬಿಸಿ ತಟ್ಟುತ್ತದೆ ಎಂದು ತಿಳಿದದ್ದು 2011ರಲ್ಲಿ. ಆ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಚಾವೊ ಫ್ರಾಯ ನದಿಯ ನೆರೆಗೆ ವೆಸ್ಟರ್ನ್ ಡಿಜಿಟಲ್ಲಿನ ಕಾರ್ಖಾನೆಗಳು ಮುಳುಗಿದವು. ಜಗತ್ತಿನ ಹಾರ್ಡ್ ಡಿಸ್ಕುಗಳಲ್ಲಿ ದೊಡ್ಡ ಪಾಲು ಆ ದೇಶದಲ್ಲೇ ತಯಾರಾಗುತ್ತಿತ್ತು. ಕೆಲವೇ ವಾರದಲ್ಲಿ ದರ ದುಪ್ಪಟ್ಟಾಯಿತು. ಹೊಳೆಯ ನೀರು ಮನೆಗೆ ಬಂದರೆ ಏನಾಗುತ್ತದೆ ಎಂದು ಗೊತ್ತಿದ್ದ ನಮ್ಮ ಜನ ಆ ದರದ ಬಗ್ಗೆ ಜಗಳ ಮಾಡಲಿಲ್ಲ. ಕಾರಣ ಹೇಳಿದಾಗ “ಪಾಪ, ಅವರದೂ ಅಷ್ಟ” ಎಂದು ತಿಂಗಳುಗಟ್ಟಲೆ ತಡೆದರು.

ಇನ್ನು ಗುರುಗಳ ಡಿಸ್ಕು. 320 ಜಿಬಿ, ಎರಡೂವರೆ ಇಂಚು, ಸಾಟಾ, ದಪ್ಪ ಒಂಬತ್ತೂವರೆ ಮಿಲಿಮೀಟರು. ಹೊಸದನ್ನು ಆರಿಸುವುದಕ್ಕಿಂತ ಮೊದಲು ಹಳೆಯದನ್ನು ಇಳಿಸಿಕೊಳ್ಳಬೇಕಿತ್ತು. ಲ್ಯಾಪ್‌ಟಾಪಿನಿಂದ ಬಿಚ್ಚಿ, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ತಂತ್ರಾಂಶ ಹಚ್ಚಿದೆ. ಅದು ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಗಾಯವಾದ ಜಾಗವನ್ನು ಗುರುತು ಹಾಕಿಕೊಂಡು ಕೊನೆಗೆ ತಿರುಗಿ ಹೋಗುತ್ತದೆ. ಬಿದ್ದ ಮನೆಯಿಂದ ಮೊದಲು ಕೈಗೆ ಸಿಕ್ಕ ಮಕ್ಕಳನ್ನು ಹೊರತರುವ ಹಾಗೆ. ಎರಡು ರಾತ್ರಿ ಒಂದು ಹಗಲು ಓಡಿತು. ನಡುವೆ ಕರೆಂಟು ಮೂರು ಸಲ ಹೋಯಿತು, ಬ್ಯಾಟರಿ ಕಾಪಾಡಿತು. ಕೆಲವು ಫೋಟೋ ಬಿಟ್ಟರೆ ಎಲ್ಲವೂ ಬಂದವು. ಗುರುಗಳು ಹಗಲೆಲ್ಲ ಊಟದ ಹೊತ್ತು ಬಿಟ್ಟು ಅಂಗಡಿಯ ಬೆಂಚಿನ ಮೇಲೆಯೇ ಕೂತಿದ್ದರು.

ಕಡತ ತೆರೆದಾಗ ಮೋಡಿಯ ಕತೆ ಮರಳಿ ಬಂತು. ಅಕ್ಷರ ಇತ್ತು, ಕನ್ನಡ ಇರಲಿಲ್ಲ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆ ಚುಕ್ಕೆ. ಗುರುಗಳು ಬರೆದದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಹಳೆಯ ಪದ್ಧತಿಯ ಫಾಂಟಿನಲ್ಲಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಮಾಲೀಕ ಎದ್ದು ಕೂರುತ್ತಾನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು 1991ರಲ್ಲಿ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟೂ ಬಂತು. ಆದರೆ ನಾವು ಬಳಸುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ, ಆದ್ದರಿಂದ ಡಿಟಿಪಿಯವರಾದ ನಾವು ಹಳೆಯ ಪದ್ಧತಿಯಲ್ಲೇ ಉಳಿದೆವು, ನಮ್ಮನ್ನು ನೋಡಿ ಊರೂ ಉಳಿಯಿತು. ಗುರುಗಳಿಗೆ ನುಡಿ ಹಾಕಿಕೊಟ್ಟವನು ನಾನೇ. ಎಲ್ಲ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒಂದೊಂದನ್ನೂ ಗುರುಗಳ ಜೊತೆ ಕೂತು ಓದಿ, ತಪ್ಪಿದ ಒತ್ತಕ್ಷರ ಸರಿಪಡಿಸಲು ಮೂರು ವಾರ ಹಿಡಿಯಿತು. ಆ ಕೆಲಸಕ್ಕೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಡಿಸ್ಕು ಯಾವುದು ಹಾಕಿದೆ? ಲ್ಯಾಪ್‌ಟಾಪಿನೊಳಗೆ 500 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಈಗ ಪೇಟೆಯಲ್ಲಿ ಬೆರಳಗಲದ ಎಂ.2 ಚೀಟಿಗಳೇ ಹೆಚ್ಚು, ದರವೂ ಹತ್ತಿರ ಹತ್ತಿರ, ಆದರೆ 2012ರ ಆ ಯಂತ್ರದಲ್ಲಿ ಅದಕ್ಕೆ ಬಾಯಿ ಇಲ್ಲ. ಎಸ್‌ಎಸ್‌ಡಿಯ ದಪ್ಪ 7 ಮಿಲಿಮೀಟರು, ಎರಡೂವರೆ ಮಿಲಿಮೀಟರಿನ ಪ್ಲಾಸ್ಟಿಕ್ ಚೌಕಟ್ಟು ಕೊಟ್ಟರೆ ಹಳೆಯ ಮನೆಗೆ ಸರಿಯಾಗಿ ಕೂರುತ್ತದೆ. ಒಳಗೆ ತಿರುಗುವ ತಟ್ಟೆ ಇಲ್ಲ, ಮೋಟರ್ ಸೈಕಲ್ಲಿನ ಚೀಲದಲ್ಲಿ ಹಾಕಿಕೊಂಡು ಅಡ್ಡಾಡುವವರಿಗೆ ಅದೇ ತಕ್ಕದ್ದು. ಹತ್ತು ವರ್ಷದ ಲ್ಯಾಪ್‌ಟಾಪು ಹೊಸದರಂತೆ ಏಳುತ್ತದೆ. ಹಳೆಯ ಯಂತ್ರಕ್ಕೆ ಇನ್ನೊಂದು ಹಾರ್ಡ್ ಡಿಸ್ಕನ್ನೇ ಹಾಕಿಸುವುದು ಈಗ ತಪ್ಪು ಎಂಬುದು ನನ್ನ ಖಚಿತ ಮಾತು.

ಆದರೆ ಎಸ್‌ಎಸ್‌ಡಿ ಟ್ರಂಕಿನಲ್ಲಿ ಇಡುವ ಸಾಮಾನಲ್ಲ. ಅದು ನೆನಪಿಡುವುದು ವಿದ್ಯುತ್ತಿನ ಕಣಗಳನ್ನು ಸೆರೆಹಿಡಿದು. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಅವು ಮೆಲ್ಲಗೆ ಸೋರುತ್ತವೆ. ಕೆಟ್ಟರೂ ಟಕ್ ಟಕ್ ಎನ್ನುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ಹಾಗಾಗಿ ಪ್ರತಿಗೆಂದು 1 ಟಿಬಿಯ ಹಾರ್ಡ್ ಡಿಸ್ಕು ಒಂದನ್ನು ಕೇಸಿನಲ್ಲಿ ಹಾಕಿಕೊಟ್ಟೆ. ಈ ಸಣ್ಣ ಹಾರ್ಡ್ ಡಿಸ್ಕುಗಳಲ್ಲಿ ಈಗ ಬಹುಪಾಲು ಎಸ್‌ಎಂಆರ್ ಎಂಬ ಪದ್ಧತಿಯವು. ಮನೆಯ ಹೆಂಚಿನಂತೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲಿನ ಅಂಚು ಹೊದಿಸಿ ಬರೆಯುತ್ತವೆ. ನಡುವಿನ ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಸರಿಸಬೇಕು, ಅದಕ್ಕೇ ಪದೇ ಪದೇ ತಿದ್ದಿ ಬರೆಯುವ ಕೆಲಸಕ್ಕೆ ನಿಧಾನ. ಒಮ್ಮೆ ತುಂಬಿ ಇಡುವ ಪ್ರತಿಗೆ ಯಾವ ತೊಂದರೆಯೂ ಇಲ್ಲ. ಎರಡನೆಯ ಪ್ರತಿಯನ್ನು ಗುರುಗಳ ಮಗಳ ಮನೆಗೆ, ಅಥಣಿಗೆ ಕಳಿಸಿದೆವು. ಒಂದು ಮನೆಗೆ ನೀರು ಬಂದರೆ ಇನ್ನೊಂದು ಮನೆಯಲ್ಲಿ ಇರಲಿ ಎಂದು.

ನಮ್ಮ ಅಡತಿಯವರು ದೀಪಾವಳಿಗೆ ಹೊಸ ಕೀರ್ದಿ, ಅಂದರೆ ಲೆಕ್ಕದ ಪುಸ್ತಕದ, ಪೂಜೆ ಮಾಡುತ್ತಾರೆ. ಹಳೆಯ ಪುಸ್ತಕದಲ್ಲಿ ಹಾಳೆ ಉಳಿದಿದ್ದರೂ ಸರಿ, ಬಾಕಿಯನ್ನು ಹೊಸದಕ್ಕೆ ಎತ್ತಿ ಬರೆದು, ಅರಿಸಿನ ಕುಂಕುಮ ಹಚ್ಚಿ, ಹಳೆಯದನ್ನು ಕಟ್ಟಿ ಇಡುತ್ತಾರೆ. ಪುಸ್ತಕ ಹರಿಯುವವರೆಗೆ ಕಾಯುವುದಿಲ್ಲ. ಗುರುಗಳಿಗೆ ನಾನು ಇದನ್ನೇ ಹೇಳಿದೆ. ಹೋದ ದೀಪಾವಳಿಯ ಅಮಾವಾಸ್ಯೆಯ ಸಂಜೆ ಅವರು ಎರಡೂ ಪ್ರತಿಯ ಡಿಸ್ಕು ಹಿಡಿದು ಅಂಗಡಿಗೆ ಬಂದರು. ವರ್ಷದಲ್ಲಿ ಹೊಸದಾಗಿ ಬರೆದದ್ದನ್ನು ಎರಡಕ್ಕೂ ಎತ್ತಿ ಹಾಕಿ, ಒಂದೊಂದು ಕಡತ ತೆರೆದು ನೋಡಿ, ಪೂಜೆಯ ಹೂವು ಇಟ್ಟುಕೊಂಡು ಹೋದರು.

ಹಾರೂಗೇರಿ, ಮುಗಳಖೋಡ, ಕುಡಚಿ, ಚಿಂಚಲಿ ಸುತ್ತಲಿನವರಲ್ಲಿ ನನ್ನದೊಂದು ಕೋರಿಕೆ. ಅಟ್ಟದ ಮೇಲೆ ಕೆಟ್ಟ ಲ್ಯಾಪ್‌ಟಾಪೋ ಕಂಪ್ಯೂಟರೋ ಇದ್ದರೆ ಗುಜರಿಗೆ ತೂಕ ಹಾಕುವ ಮೊದಲು ಡಿಸ್ಕು ಬಿಚ್ಚಿಸಿ ಇಟ್ಟುಕೊಳ್ಳಿ. ಟಕ್ ಟಕ್ ಎನ್ನುವುದನ್ನು ಮನೆಯಲ್ಲಿ ಚಾಲೂ ಮಾಡಿ ನೋಡಬೇಡಿ, ಹಾಗೇ ಟವೆಲ್ಲಿನಲ್ಲಿ ಸುತ್ತಿ ತನ್ನಿ. ಹಳೆಯ ನುಡಿಯ, ಶ್ರೀಲಿಪಿಯ ಫಾಂಟುಗಳನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.